ಬಚ್ಚಲುಮನೆಯಿಂದ ಲ್ಯಾನ್ಸೆಟ್‌ವರೆಗೆ

ನಮ್ಮೂರಲ್ಲಿ ದೀಪಾವಳಿ ಅಂದ್ರೆ ಹಿಂದಿನ ದಿನವೇ ಹಂಡೆ ತೊಳೆದು ನೀರು ತುಂಬೋದು, ಬೆಳಗಿನ ಜಾವ ಎಣ್ಣೆ ಹಚ್ಚಿ ತಲೆಗೆ ಸುಡುಸುಡು ನೀರು ಹುಯ್ಯೋದು. ನಾನು ಐದನೇ ಕ್ಲಾಸಲ್ಲಿದ್ದಾಗ ಅಂಥ ಒಂದು ಬೆಳಗ್ಗೆ ದೊಡ್ಡಪ್ಪನ ಮಗಳು ಅಕ್ಕ ಬಚ್ಚಲಲ್ಲೇ ಬಿದ್ದು ಕೈಕಾಲು ಒದರಿದಳು. ಅಜ್ಜಿ ಕೈಗೆ ಬೀಗದ ಕೈ ಗೊಂಚಲು ಹಿಡಿಸಿತು. ಯಾರೋ ಈರುಳ್ಳಿ ಜಜ್ಜಿ ತಂದರು. ಅಕ್ಕ ಕಣ್ಣು ಬಿಟ್ಟ ಮೇಲೆ ದೊಡ್ಡಮ್ಮ ಹೇಳಿದ್ದು ಒಂದೇ ಮಾತು: "ಯಾರಿಗೂ ಹೇಳ್ಬೇಡಿ ಕಣ್ರಪ್ಪಾ, ನಾಳೆ ಮದ್ವೆ ಆಗೋ ಹುಡ್ಗಿ."

ಇದಕ್ಕೊಂದು ಹೆಸರಿದೆ, ಅದರ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೆ ದೊಡ್ಡ ಜಾಗ ಇದೆ ಅಂತ ಗೊತ್ತಾಗಿದ್ದು ನಾನು ಕೆಲಸಕ್ಕೆ ಸೇರಿದ ಮೇಲೆ. ಬಿಸಿನೀರಿನ ಅಪಸ್ಮಾರ. 1945ರಲ್ಲಿ ನ್ಯೂಜಿಲೆಂಡಿನಿಂದ ಒಬ್ಬ ಹುಡುಗನ ವರದಿ ಬಂದಿತ್ತು. ಆದರೆ ಇದು ಅಪರೂಪದ ವಿಚಿತ್ರ ಅಲ್ಲ, ನಮ್ಮ ಕಡೆ ಬೇಕಾದಷ್ಟು ಜನರಿಗಿದೆ ಅಂತ 1960ರ ದಶಕದ ಕೊನೆಯಿಂದ ಬರೆದು ತೋರಿಸಿದವರು ಡಾ. ಕೆ. ಎಸ್. ಮಣಿ ಮತ್ತು ಅವರ ಜೊತೆಗಾರರು. ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ ನರರೋಗ ವಿಭಾಗ ಕಟ್ಟಿ, ಪಾಠ ಹೇಳಿದವರು ಮಣಿ.

ನಾವು ನೀರು ಹುಯ್ದುಕೊಳ್ಳೋ ರೀತಿಯಲ್ಲೇ ಉತ್ತರದ ಒಂದು ಭಾಗ ಇತ್ತು. ಷವರ್ ಅಲ್ಲ, ಟಬ್ ಅಲ್ಲ. 40ರಿಂದ 50 ಡಿಗ್ರಿ ಬಿಸಿ ನೀರನ್ನು ಚೊಂಬಲ್ಲಿ ಮೊಗೆದು ನೆತ್ತಿ ಮೇಲೆ ಒಂದರ ಹಿಂದೆ ಒಂದು ಹುಯ್ಯೋದು. ಯಾವಾಗ ಬರುತ್ತೆ ಅಂತ ಗೊತ್ತಾದ ಬಗ್ ಅರ್ಧ ಸರಿಹೋದ ಹಾಗೆ ಅಂತ ನಮ್ಮ ಕೆಲಸದಲ್ಲಿ ಹೇಳ್ತೀವಿ. ಇಲ್ಲೂ ಹಾಗೇ. ಎಷ್ಟೋ ಜನರಿಗೆ ನೀರಿನ ಬಿಸಿ ಇಳಿಸಿದರೆ ಸಾಕು, ಉಳಿದವರಿಗೆ ಮಾತ್ರೆ.

ಆದರೆ ಮಾತ್ರೆ ಹಳ್ಳಿಗೆ ತಲುಪಬೇಕಲ್ಲ? ಮಣಿಯವರ ತಂಡ ಯಳಂದೂರು ತಾಲ್ಲೂಕಿಗೆ ಹೋಯಿತು. ಸುಮಾರು 65 ಸಾವಿರ ಜನರ ನಡುವೆ ಮನೆಮನೆ ಸುತ್ತಿ ಮೂರ್ಛೆ ಇರುವವರನ್ನು ಹುಡುಕಿದರು. ಕೊಟ್ಟಿದ್ದು ಹೊಸ ದುಬಾರಿ ಔಷಧಿ ಅಲ್ಲ. 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟಾಲ್, ಇಲ್ಲವೇ ಫೆನಿಟಾಯಿನ್. ಕೊಟ್ಟು ಕೈತೊಳೆದುಕೊಳ್ಳಲಿಲ್ಲ, ವರ್ಷಗಟ್ಟಲೆ ಹಿಂದೆ ಬಿದ್ದರು. ಅಗ್ಗದ ಮಾತ್ರೆಯಲ್ಲೂ ಹಳ್ಳಿಯಲ್ಲಿ ಮೂರ್ಛೆ ಹಿಡಿತಕ್ಕೆ ಬರುತ್ತೆ ಅಂತ ತೋರಿಸಿದ ಆ ಲೇಖನ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದಕ್ಕೆ ನಾಲ್ಕು ವರ್ಷ ಮೊದಲು ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನಾದ್ಯಂತ ಅಪಸ್ಮಾರದ ವಿರುದ್ಧ ಆಂದೋಲನ ಶುರುಮಾಡಿತ್ತು. ಬಡ ದೇಶಗಳಲ್ಲಿ ಆಗುತ್ತಾ ಅನ್ನೋ ಪ್ರಶ್ನೆಗೆ ನಮ್ಮ ಯಳಂದೂರೂ ಒಂದು ಉತ್ತರ.

ಇನ್ನೊಂದು ಜಗಳ ಕಾಯಿಲೆಯದ್ದಲ್ಲ, ಕಾನೂನಿನದು. 1976ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯ್ದೆಗೆ ಒಂದು ಷರತ್ತು ಸೇರಿತ್ತು: ಮದುವೆಯಾಗುವವರಿಗೆ ಪದೇ ಪದೇ ಹುಚ್ಚು ಅಥವಾ ಮೂರ್ಛೆ ಬರುತ್ತಿರಬಾರದು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿದ್ದರು! ಭಾರತೀಯ ಅಪಸ್ಮಾರ ಸಂಘ ಹೋರಾಡಿತು. 1999ರಲ್ಲಿ ಮೂರ್ಛೆಯನ್ನು ಆ ಸಾಲಿನಿಂದ ತೆಗೆದರು.

ದೊಡ್ಡಮ್ಮನಿಗೆ ಆ ಕಾಯ್ದೆ ಗೊತ್ತಿರಲಿಲ್ಲ, ಆದರೆ ಅದರ ಭಯ ಚೆನ್ನಾಗಿ ಗೊತ್ತಿತ್ತು. ಅಕ್ಕ ಮದುವೆಯಾದ ಮೇಲೂ ಮಾತ್ರೆಯನ್ನು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗಿದಳು. ಅತ್ತೆ ಅಡುಗೆಮನೆಯಲ್ಲಿದ್ದ ದಿನ ಅದೂ ಇಲ್ಲ. ಎರಡು ಸಲ ಬಿದ್ದಳು. ಒಮ್ಮೆ ಒಲೆಯ ಪಕ್ಕ. ಎಡಗೈ ಮೇಲಿನ ಗುರುತು ಇನ್ನೂ ಇದೆ.

ಈಗ ಅಕ್ಕನ ಮಗಳಿಗೂ ಅದೇ ಬಂದಿದೆ. ಕೆಲವು ಮನೆತನಗಳಲ್ಲಿ ಇದು ಹರಿದು ಬರುತ್ತೆ. ಆದರೆ ಈ ಸಲ ಅಕ್ಕ ಮುಚ್ಚಿಡಲಿಲ್ಲ. ಅತ್ತೆಗೆ, ಸ್ಕೂಲ್ ಮೇಷ್ಟ್ರಿಗೆ ತಾನೇ ಹೋಗಿ ಹೇಳಿದಳು: "ಬಿದ್ರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕ್ಬೇಡಿ, ಬೀಗದ ಕೈ ಬ್ಯಾಡ."

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಕ್ಕ ಹಂಡೆಯ ನೀರಿಗೆ ಎರಡು ಬಿಂದಿಗೆ ತಣ್ಣೀರು ಬೆರೆಸಿ, ಕೈ ಅದ್ದಿ ನೋಡಿ, ಆಮೇಲೆ ಮಗಳನ್ನು ಕರೆದಳು. ಮಾತ್ರೆಯ ಡಬ್ಬಿ ಕಿಟಕಿಯ ಮೇಲೆ, ಎಲ್ಲರಿಗೂ ಕಾಣೋ ಹಾಗೆ ಇತ್ತು.