‘ಸಂತೋಷಕ್ಕೆ’ ಹಾಡು, ನಮ್ಮಪ್ಪನ ಕ್ಯಾಸೆಟ್ಟು

ಫಂಕ್ ಅಂದ್ರೆ ಅಮೆರಿಕದ ಜೇಮ್ಸ್ ಬ್ರೌನ್ ನೆನಪಾಗ್ತಾರೆ. ತಾಳದ ಮೊದಲ ಪೆಟ್ಟಿಗೆ ಒತ್ತು, ಅದರ ಬೆನ್ನಿಗೆ ಬಾಸ್ ಗಿಟಾರ್. ಆ ಕುಣಿತ ನಮ್ಮ ಟಿಕೋಟಾ, ಬಬಲೇಶ್ವರ ಕಡೆ ಬಂದದ್ದು ಯಾವ ಬ್ಯಾಂಡಿನಿಂದಲೂ ಅಲ್ಲ, 1981ರ ‘ಗೀತಾ’ ಸಿನಿಮಾದಿಂದ ಅಂತ ನನ್ನ ವಾದ. ಶಂಕರ್ ನಾಗ್ ನಿರ್ದೇಶನ, ಇಳಯರಾಜಾ ಸಂಗೀತ.

ಬಬಲೇಶ್ವರದ ನಮ್ಮ ಸೋದರಮಾವನಿಗೆ ‘ಜೊತೆಯಲಿ’ ಇಷ್ಟ. ಆ ಧಾಟಿ ಮುಂದೆ 2007ರ ಹಿಂದಿ ‘ಚೀನಿ ಕಮ್’ಗೂ ಹೋಯ್ತು. ನಮ್ಮಪ್ಪಂದು ಮಾತ್ರ ಎಸ್‌ಪಿಬಿ ಹಾಡಿದ ‘ಸಂತೋಷಕ್ಕೆ’. ವಿಜಯಪುರದ ಸಿದ್ಧೇಶ್ವರ ಜಾತ್ರೆ ಮುಗಿಸಿ ಟಿಕೋಟಾಕ್ಕೆ ಹೊರಟ ಟೆಂಪೋದಾಗ ಈ ಹಾಡು ಬಂದ್ರ ಡ್ರೈವರ್ ಸ್ಟೇರಿಂಗ್ ಮೇಲೇ ತಾಳ ಹಾಕ್ತಿದ್ನಂತ. 1990ರ ಸೆಪ್ಟೆಂಬರ್ 30ಕ್ಕೆ ದಾವಣಗೆರೆ ಹತ್ರ ಅಪಘಾತದಾಗ ಶಂಕರ್ ನಾಗ್ ಹೋದ್ರು, ವಯಸ್ಸು ಬರೀ 35. ಆಮೇಲೆ ಬಹಳ ದಿನ ಅಪ್ಪ ಆ ಕ್ಯಾಸೆಟ್ ಮುಟ್ಟಲಿಲ್ಲ. ಕುಣಿಸೋ ಹಾಡೇ ಅಳಿಸ್ತದ ಅಂತಾರ, ಈಗಲೂ.

ನಾನು ಕಾಮರ್ಸ್ ಓದಿದವ, ಲೆಕ್ಕ ಕೇಳ್ತೀನಿ. ಹೀರೋ, ಗಾಯಕ, ಸಂಗೀತ ನಿರ್ದೇಶಕ, ಎಲ್ಲರ ಹೆಸರೂ ನಮಗ ಬಾಯಿಪಾಠ. ಬಾಸ್ ಬಾರಿಸಿದವರದು? ಅಪ್ಪನ ಕ್ಯಾಸೆಟ್ ಕವರ್ ತಿರುವಿ ನೋಡಿದೆ, ಇಲ್ಲ. ನಿಮ್ಮ ಮನ್ಯಾಗ ಹಳೇ ಎಲ್‌ಪಿ ಇದ್ರ ಹಿಂಬದಿ ನೋಡಿ ಹೇಳ್ರಿ.