ಎಂಜಿನ್ ಪಳಗುವ ಕಾಲ
ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಇಂಗ್ಲೆಂಡಿನ ಕೆಲವು ಕಾರುಗಳ ಹಿಂಬದಿಯ ಗಾಜಿನ ಮೇಲೆ ವಿನಯದ ಬರಹವೊಂದು ಕಾಣುತ್ತಿತ್ತು: ‘ಎಂಜಿನ್ ಪಳಗುತ್ತಿದೆ, ದಯವಿಟ್ಟು ಮುಂದೆ ಸಾಗಿ.’ ಕಾರು ಹೊಸದಾಗಿರಲಿ, ಎಂಜಿನ್ ಬಿಚ್ಚಿ ಮರುಜೋಡಿಸಿದ್ದಾಗಿರಲಿ, ಮೊದಲ 500 ಮೈಲಿಯನ್ನು ಗಂಟೆಗೆ ಸುಮಾರು 30 ಮೈಲಿಯ ಮಿತಿಯಲ್ಲಿ ಓಡಿಸಬೇಕೆಂಬುದು ಅಂದಿನ ವಾಡಿಕೆ.

ಈ ಸಂಯಮಕ್ಕೆ ಕಾರಣ ಲೋಹದ ಒರಟುತನ. ಮತ್ತೆ ಬೋರ್ ಮಾಡಿದ ಸಿಲಿಂಡರಿನ ಒಳಗೋಡೆಯಲ್ಲಿ ಹೆಣೆದಂಥ ಸೂಕ್ಷ್ಮ ಗೀರುಗಳನ್ನು ಬೇಕೆಂದೇ ಮೂಡಿಸುತ್ತಾರೆ. ಗೀರಿನ ತಗ್ಗು ಎಣ್ಣೆಯನ್ನು ಹಿಡಿದಿಡುತ್ತದೆ; ಅದರ ಏಣು ಪಿಸ್ಟನ್ ರಿಂಗಿನೊಡನೆ ಉಜ್ಜಿ ಸವೆದು, ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಆದರೆ ಮೃದುತ್ವವೊಂದೇ ಸಾಲದು. ರಿಂಗನ್ನು ಗೋಡೆಗೆ ಒತ್ತಿಹಿಡಿಯುವುದು ಮುಖ್ಯವಾಗಿ ಉರಿದ ಅನಿಲದ ಒತ್ತಡ. ಭಾರವಿಲ್ಲದೆ ಬಹುಕಾಲ ಸುಮ್ಮನೆ ತಿರುಗಿದರೆ ಒತ್ತಡ ಸಾಲದೆ ಗೋಡೆ ಮೆರುಗುಗಟ್ಟುತ್ತದೆ. ಆಮೇಲೆ ಎಂಜಿನ್ ಎಣ್ಣೆ ಕುಡಿಯುತ್ತದೆ, ನೀಲಿ ಹೊಗೆ ಕಾರುತ್ತದೆ; ಅನೇಕ ವೇಳೆ ಮತ್ತೆ ಬಿಚ್ಚದೆ ಗತಿಯಿಲ್ಲ. ಬಲ್ಲವರು ವೇಗವನ್ನು ಏರಿಳಿಸುತ್ತ, ಮಿತವಾದ ಭಾರ ಹೊರಿಸುತ್ತ, ಲೋಹದ ಪುಡಿ ಬೆರೆತ ಮೊದಲ ಎಣ್ಣೆಯನ್ನು ಬೇಗನೆ ಬದಲಿಸುವುದು ಇದಕ್ಕಾಗಿಯೇ.

ಕಾರ್ಖಾನೆಯ ಕೆತ್ತನೆ ನಯಗೊಂಡಂತೆ ಆ ಬರಹ ಮರೆಯಾಯಿತು. ಮರುಜೋಡಿಸಿದ ಎಂಜಿನ್ನಿಗೆ ಮಾತ್ರ ಅಭ್ಯಾಸಕಾಲ ಇಂದಿಗೂ ತಪ್ಪಿಲ್ಲ. ಹದವರಿತ ದುಡಿಮೆಯಿಲ್ಲದೆ ಲೋಹವೂ ಪಳಗದೆಂಬುದನ್ನು ನಾನು ಈ ಪುಟ್ಟ ಚರಿತ್ರೆಯಲ್ಲಿ ಕಾಣುತ್ತೇನೆ.