ಡಾನ್ ಫ್ರೇಸರ್: ಒಂದು ನಿಮಿಷದೊಳಗೆ ನೂರು ಮೀಟರ್

ಈಜಿನ ಒಂದೇ ವೈಯಕ್ತಿಕ ಸ್ಪರ್ಧೆಯಲ್ಲಿ ಸತತ ಮೂರು ಒಲಿಂಪಿಕ್ಸ್‌ಗಳ ಚಿನ್ನವನ್ನು ಮೊದಲು ಗೆದ್ದವರು ಆಸ್ಟ್ರೇಲಿಯಾದ ಡಾನ್ ಫ್ರೇಸರ್. ಗಂಡಸರಲ್ಲೂ ಅದುವರೆಗೆ ಯಾರಿಗೂ ಅದು ಕೈಗೂಡಿರಲಿಲ್ಲ. 1956ರ ಮೆಲ್ಬರ್ನ್, 1960ರ ರೋಮ್, 1964ರ ಟೋಕಿಯೊ, ಮೂರು ಕಡೆಯೂ ಮಹಿಳೆಯರ 100 ಮೀಟರ್ ಫ್ರೀಸ್ಟೈಲ್ ಅವರದಾಯಿತು.

ಅವರು ಹುಟ್ಟಿದ್ದು 1937ರಲ್ಲಿ, ಸಿಡ್ನಿ ಬಂದರಿನ ದಂಡೆಯ ಬಾಲ್ಮೇನ್‌ನಲ್ಲಿ. ಆಗ ಅದು ಹಡಗುಕಟ್ಟೆ, ಕಾರ್ಖಾನೆಗಳ ಕಾರ್ಮಿಕರ ಬಡಾವಣೆ. ತಂದೆ ಹಡಗು ಕಟ್ಟುವ ಕೆಲಸದವರು. ಎಂಟು ಮಕ್ಕಳಲ್ಲಿ ಡಾನ್ ಕೊನೆಯವರು, ಜೊತೆಗೆ ಉಬ್ಬಸದ ಕಾಟ. ಈಜಿದ್ದು ಬಂದರಿನ ಅಂಚಿನಲ್ಲಿ ಮರದ ಕಟ್ಟೆ ಹಾಕಿ ಬೇರ್ಪಡಿಸಿದ ಕೊಳದಲ್ಲಿ, ಉಬ್ಬರ ಇಳಿತಗಳಿಗೆ ಏರಿಳಿಯುವ ಉಪ್ಪುನೀರಿನಲ್ಲಿ. ಅಲ್ಲಿ ಅವರನ್ನು ಗುರುತಿಸಿದ ತರಬೇತುದಾರ ಹ್ಯಾರಿ ಗ್ಯಾಲಗರ್ ಮುಂದೆ ಅಡಿಲೇಡ್‌ಗೆ ಹೋದಾಗ ಫ್ರೇಸರ್ ಕೂಡ ಊರು ಬಿಟ್ಟು ಹಿಂದೆಯೇ ಹೋದರು.

ಒಲಿಂಪಿಕ್ಸ್‌ನಲ್ಲಿ ಹೆಂಗಸರು ಮೊದಲು ಈಜಿದ್ದು 1912ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಆಗ 100 ಮೀಟರ್ ಗೆದ್ದ ಫ್ಯಾನಿ ಡ್ಯುರಾಕ್ ಸಿಡ್ನಿಯವರೇ. ತೆಗೆದುಕೊಂಡ ಸಮಯ 1 ನಿಮಿಷ 22.2 ಸೆಕೆಂಡ್. 1936ರಲ್ಲಿ ನೆದರ್ಲೆಂಡ್ಸ್‌ನ ವಿಲ್ಲಿ ಡೆನ್ ಔಡೆನ್ ಅದನ್ನು 1 ನಿಮಿಷ 4.6 ಸೆಕೆಂಡಿಗೆ ಇಳಿಸಿದರು. ಅಲ್ಲಿಂದ 20 ವರ್ಷ ಆ ವಿಶ್ವದಾಖಲೆ ಅಲುಗಲಿಲ್ಲ. 1956ರ ಫೆಬ್ರುವರಿಯಲ್ಲಿ ಫ್ರೇಸರ್ ಅದರಿಂದ ಸೆಕೆಂಡಿನ ಹತ್ತರಲ್ಲೊಂದು ಭಾಗ ಕಡಿಮೆ ಮಾಡಿದರು. ಅದೇ ವರ್ಷದ ಕೊನೆಗೆ ಮೆಲ್ಬರ್ನ್‌ನಲ್ಲಿ, ತಮ್ಮದೇ ದೇಶದ ಲೊರೇನ್ ಕ್ರಾಪ್‌ರನ್ನು ಹಿಂದೆ ಹಾಕಿ, 1 ನಿಮಿಷ 2 ಸೆಕೆಂಡಿನಲ್ಲಿ ಚಿನ್ನ ಗೆದ್ದರು. 400 ಮೀಟರ್‌ನಲ್ಲಿ ಕ್ರಾಪ್ ಮುಂದೆ, ಫ್ರೇಸರ್ ಎರಡನೆಯವರು.

ಗಂಡಸರಲ್ಲಿ ಒಂದು ನಿಮಿಷದ ಗಡಿಯನ್ನು ಜಾನಿ ವೈಸ್‌ಮುಲ್ಲರ್ ದಾಟಿ ಆಗಲೇ ಹಲವು ದಶಕ ಕಳೆದಿತ್ತು. ಹೆಂಗಸರಲ್ಲಿ ಅದು ಒಲಿದದ್ದು 1962ರ ಅಕ್ಟೋಬರ್ 27ರಂದು, ಮೆಲ್ಬರ್ನ್‌ನಲ್ಲಿ. ಫ್ರೇಸರ್ 59.9 ಸೆಕೆಂಡಿನಲ್ಲಿ ಮುಗಿಸಿದರು. ಆ ಕೊಳ ಗಜದ ಅಳತೆಯದು. ಅವರು ಈಜಿದ್ದು 110 ಗಜ, ಅಂದರೆ ನೂರು ಮೀಟರಿಗಿಂತ ಅರ್ಧ ಮೀಟರಿನಷ್ಟು ಹೆಚ್ಚೇ. 1964ರ ಫೆಬ್ರುವರಿ 29ರಂದು ಉತ್ತರ ಸಿಡ್ನಿಯಲ್ಲಿ ಅದು 58.9ಕ್ಕೆ ಇಳಿಯಿತು.

ಅದಾಗಿ ಕೆಲವೇ ದಿನಗಳಲ್ಲಿ ಫ್ರೇಸರ್ ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಗಿ ತಾಯಿ ತೀರಿಕೊಂಡರು. ಫ್ರೇಸರ್ ಅವರ ಕುತ್ತಿಗೆಯ ಮೂಳೆಗೂ ಪೆಟ್ಟಾಯಿತು. ಆ ಅಕ್ಟೋಬರ್‌ನಲ್ಲಿ, 27ರ ವಯಸ್ಸಿನಲ್ಲಿ, ಟೋಕಿಯೊದಲ್ಲಿ 15 ವರ್ಷದ ಅಮೆರಿಕದ ಶರಾನ್ ಸ್ಟೌಡರ್ ಬೆನ್ನಟ್ಟಿ ಬಂದರೂ 59.5 ಸೆಕೆಂಡಿನಲ್ಲಿ ಗೆದ್ದರು. ಮೂರು ಚಿನ್ನಗಳಲ್ಲಿ ಇದೇ ದೊಡ್ಡದೆನ್ನಬೇಕು.

ಅಧಿಕಾರಿಗಳ ಲೆಕ್ಕ ಬೇರೆಯಿತ್ತು. ಬೇಡವೆಂದರೂ ಉದ್ಘಾಟನೆಯ ಮೆರವಣಿಗೆಯಲ್ಲಿ ನಡೆದದ್ದು, ತಂಡದ ಈಜುಡುಗೆ ಬಿಟ್ಟು ತಮಗೆ ಹಿತವಾದದ್ದನ್ನು ತೊಟ್ಟದ್ದು, ಸಾಲದ್ದಕ್ಕೆ ಚಕ್ರವರ್ತಿಯ ಅರಮನೆಯ ಬಳಿ ಒಲಿಂಪಿಕ್ ಧ್ವಜ ಕದಿಯಲು ಹೋದ ತಂಟೆ. ಜಪಾನ್ ಪೊಲೀಸರು ಮೊಕದ್ದಮೆ ಹೂಡದೆ ಬಿಟ್ಟರು, ಧ್ವಜವೂ ಕೊನೆಗೆ ಫ್ರೇಸರ್‌ಗೇ ಉಡುಗೊರೆಯಾಗಿ ಬಂತು. ಆಸ್ಟ್ರೇಲಿಯಾದ ಈಜು ಒಕ್ಕೂಟ ಮಾತ್ರ 1965ರಲ್ಲಿ 10 ವರ್ಷದ ನಿಷೇಧ ಹೇರಿತು. ತಪ್ಪಿಗೂ ಶಿಕ್ಷೆಗೂ ಎಲ್ಲಿಯ ಹೋಲಿಕೆ! ಅವಧಿಗೆ ಮುನ್ನವೇ ನಿಷೇಧ ತೆರವಾಯಿತಾದರೂ ಅಷ್ಟರಲ್ಲಿ 1968ರ ಮೆಕ್ಸಿಕೊ ಒಲಿಂಪಿಕ್ಸ್ ಹತ್ತಿರ ಬಂದಿತ್ತು, ತಯಾರಿಗೆ ಸಮಯವೇ ಉಳಿದಿರಲಿಲ್ಲ. ನಾಲ್ಕು ಚಿನ್ನ, ನಾಲ್ಕು ಬೆಳ್ಳಿಗೆ ಅವರ ಒಲಿಂಪಿಕ್ ಪದಕಗಳ ಲೆಕ್ಕ ನಿಂತಿತು. 58.9ರ ದಾಖಲೆಯನ್ನು ಶೇನ್ ಗೌಲ್ಡ್ 1971ರಲ್ಲಿ ಸರಿಗಟ್ಟಿ, 1972ರ ಜನವರಿಯಲ್ಲಿ ಮುರಿದರು.

ಬಾಲ್ಮೇನ್‌ನ ಕೊಳಕ್ಕೆ 1964ರಲ್ಲೇ ಫ್ರೇಸರ್ ಹೆಸರಿಟ್ಟಾಗಿತ್ತು. 1988ರಲ್ಲಿ ಅದೇ ಬಾಲ್ಮೇನ್‌ನ ಮತದಾರರು ಅವರನ್ನು ಪಕ್ಷೇತರರಾಗಿ ನ್ಯೂ ಸೌತ್ ವೇಲ್ಸ್ ವಿಧಾನಸಭೆಗೆ ಕಳಿಸಿದರು. 1991ರ ಹೊತ್ತಿಗೆ ಆ ಕ್ಷೇತ್ರವೇ ರದ್ದಾಯಿತು; ಹೊಸ ಕ್ಷೇತ್ರದಲ್ಲಿ ನಿಂತು ಅವರು ಸೋತರು.